ಮಲಗಿ ಎದ್ದರೆ ಹಾಸಿಗೆ ಒದ್ದೆ: ಸ್ಪೇ ಆದ ನಾಯಿಯ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಕಾಣಿಸಿತು. ಸಂತಾನಹರಣದ ಆಪರೇಷನ್, ಅಂದರೆ ಸ್ಪೇ, ಆದ ಹೆಣ್ಣು ನಾಯಿ. ಆಟ, ಊಟ ಎಲ್ಲ ಸರಿಯಾಗಿದೆ, ಆದರೆ ಮಲಗಿದ ಜಾಗದಲ್ಲಿ ಮೂತ್ರ ಸೋರುತ್ತಿದೆ. ಹಾಗಾಗಿ ಈ ಸಂಚಿಕೆಯ ಜಾಗ ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಐದು ವರ್ಷ. ಒಂದೂವರೆ ವರ್ಷವಿದ್ದಾಗ ಸ್ಪೇ ಮಾಡಿಸಿದ್ದೆವು. ಮನೆಯೊಳಗೆ ಒಂದು ದಿನವೂ ಗಲೀಜು ಮಾಡಿದವಳಲ್ಲ. ಈಗ ಎರಡು ತಿಂಗಳಿಂದ ಮಲಗಿ ಎದ್ದರೆ ಹಾಸಿಗೆ ಒದ್ದೆ. ಎದ್ದ ಮೇಲೆ ಅವಳೇ ಮೂಸಿ ನೋಡಿ ಗಾಬರಿಯಾಗುತ್ತಾಳೆ. ಹಟಕ್ಕೆ ಮಾಡ್ತಿದ್ದಾಳೆ ಅಂತ ಮನೆಯಲ್ಲಿ ಬೈಯುತ್ತಾರೆ. ನಾನೂ ಒಂದು ದಿನ ಸಿಟ್ಟಿನಲ್ಲಿ ಗದರಿದೆ. ಅವಳಿಗೆ ಏನಾಗಿದೆ?

ಉತ್ತರ: ಮೊದಲು ಮನೆಯವರಿಗೆಲ್ಲ ಒಂದು ಮಾತು ಹೇಳಿಬಿಡಿ. ಅವಳು ಮೂತ್ರ ಮಾಡುತ್ತಿಲ್ಲ, ಅದು ಸೋರುತ್ತಿದೆ. ಎರಡೂ ಬೇರೆ ಬೇರೆ. ಬೇಕಂತಲೇ ಮಾಡುವ ನಾಯಿ ಎದ್ದು ಹೋಗಿ, ಜಾಗ ಹುಡುಕಿ, ಕಾಲು ಮಡಚಿ ಕೂರುತ್ತದೆ. ನಿಮ್ಮವಳು ನಿದ್ದೆಯಲ್ಲಿದ್ದಾಳೆ. ಸೋರಿದ್ದು ಅವಳಿಗೆ ಗೊತ್ತೇ ಆಗಿಲ್ಲ, ಅದಕ್ಕೇ ಎದ್ದ ಮೇಲೆ ಮೂಸಿ ಗಾಬರಿಯಾಗುವುದು. ಆಗ ಗದರಿದರೆ ಯಾಕೆ ಅಂತ ಅವಳಿಗೆ ಅರ್ಥವಾಗುವುದಿಲ್ಲ. ಮಲಗುವುದಕ್ಕೇ ಹೆದರಲು ಶುರು ಮಾಡುತ್ತಾಳೆ, ಅಷ್ಟೇ. ಗದರಿದ್ದಕ್ಕೆ ನೀವು ಈಗ ನೊಂದುಕೊಳ್ಳಬೇಡಿ, ಇನ್ನು ಮುಂದೆ ಬೇಡ.

ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಮೂತ್ರಚೀಲದ ಬಾಯಿಯಿಂದ ಹೊರಕ್ಕೆ ಬರುವ ನಾಳವನ್ನು ಅದರ ಸುತ್ತಲಿನ ಸ್ನಾಯುಗಳು ಬಿಗಿಯಾಗಿ ಮುಚ್ಚಿ ಹಿಡಿದಿರುತ್ತವೆ. ಬಿಗಿ ಹಿಡಿ ಅಂತ ನರಗಳು ಕಳಿಸುವ ಸಂದೇಶವನ್ನು ಆ ಸ್ನಾಯುಗಳು ಚೆನ್ನಾಗಿ ಕೇಳಿಸಿಕೊಳ್ಳುವುದಕ್ಕೆ ಈಸ್ಟ್ರೋಜನ್ ಹಾರ್ಮೋನ್ ನೆರವಾಗುತ್ತದೆ. ಸ್ಪೇ ಮಾಡುವಾಗ ಅಂಡಾಶಯ ತೆಗೆಯುವುದರಿಂದ ಈಸ್ಟ್ರೋಜನ್ ಇಳಿಯುತ್ತದೆ, ಬೇರೆ ಕೆಲವು ಹಾರ್ಮೋನ್‌ಗಳು ಏರುತ್ತವೆ, ನಾಳದ ಬಿಗಿ ನಿಧಾನಕ್ಕೆ ಸಡಿಲವಾಗುತ್ತದೆ. ಎಚ್ಚರವಿದ್ದಾಗ ಹೇಗೋ ತಡೆಯುತ್ತದೆ. ಮಲಗಿದಾಗ ಸ್ನಾಯುಗಳು ಇನ್ನಷ್ಟು ಸಡಿಲ, ಮೇಲಿಂದ ಹೊಟ್ಟೆಯ ಒತ್ತಡ ತುಂಬಿದ ಚೀಲದ ಮೇಲೆ ಬೀಳುತ್ತದೆ, ಸೋರುತ್ತದೆ. ಸರಿಯಾಗಿ ಬಿಗಿಯಾಗದ ನಲ್ಲಿಯ ಹಾಗೆ ಅಂದುಕೊಳ್ಳಿ.

ಇದು ಅಪರೂಪವಲ್ಲ. ಸ್ಪೇ ಆದ ನಾಯಿಗಳಲ್ಲಿ ನೂರಕ್ಕೆ 5ರಿಂದ 20ಕ್ಕೆ ಬರುತ್ತದೆ ಅನ್ನುವುದು ಸಾಮಾನ್ಯವಾಗಿ ಕೊಡುವ ಲೆಕ್ಕ. 20 ಕಿಲೋಗಿಂತ ಹೆಚ್ಚು ತೂಗುವ ನಾಯಿಗಳಲ್ಲಿ ಜಾಸ್ತಿ. ಡಾಬರ್‌ಮನ್, ಬಾಕ್ಸರ್, ರಾಟ್‌ವೈಲರ್, ವೈಮರಾನರ್ ತಳಿಗಳಲ್ಲಿ ಇನ್ನೂ ಜಾಸ್ತಿ. ಆಪರೇಷನ್ ಆದ ಎರಡು ಮೂರು ವರ್ಷದ ಮೇಲೆ ಶುರುವಾಗುವುದು ಸಾಮಾನ್ಯ, ಕೆಲವರಿಗೆ ವಾರಗಳಲ್ಲೇ, ಕೆಲವರಿಗೆ ಹತ್ತು ವರ್ಷ ಕಳೆದ ಮೇಲೆ. ನಿಮ್ಮವಳ ವಯಸ್ಸು, ಗಾತ್ರ, ಮಲಗಿದಾಗ ಮಾತ್ರ ಸೋರುವುದು, ಎಲ್ಲ ನೋಡಿದರೆ ಇದೇ ಅನಿಸುತ್ತದೆ.

ಆದರೆ ಪತ್ರ ಓದಿ ಅನಿಸಿದ್ದನ್ನು ಕಾಯಿಲೆ ಅಂತ ತೀರ್ಮಾನಿಸುವ ಹಾಗಿಲ್ಲ. ಒದ್ದೆ ಹಾಸಿಗೆಗೆ ಬೇರೆ ಕಾರಣಗಳೂ ಇವೆ: ಮೂತ್ರದ ಸೋಂಕು, ಮೂತ್ರಚೀಲದಲ್ಲಿ ಕಲ್ಲು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಅತಿಯಾಗುವ ಕುಶಿಂಗ್ಸ್ ಕಾಯಿಲೆ, ಬೆನ್ನುಹುರಿಯ ತೊಂದರೆ. ತುರಿಕೆಗೆ ಅಂತ ಸ್ಟೀರಾಯ್ಡ್ ಮಾತ್ರೆ ಕೊಡುತ್ತಿದ್ದರೂ ನಾಯಿ ನೀರು ಜಾಸ್ತಿ ಕುಡಿದು ಮೂತ್ರ ಜಾಸ್ತಿಯಾಗುತ್ತದೆ. ಅದಕ್ಕೇ ಡಾಕ್ಟರ ಹತ್ತಿರ ಹೋಗುವ ಮೊದಲು ಮನೆಯಲ್ಲಿ ಎರಡು ಕೆಲಸ ಮಾಡಿಕೊಳ್ಳಿ.

ಒಂದು, ಅವಳು ದಿನಕ್ಕೆ ಎಷ್ಟು ನೀರು ಕುಡಿಯುತ್ತಾಳೆ ಅಂತ ಅಳೆಯಿರಿ. ಬೆಳಿಗ್ಗೆ ಅಳತೆ ಮಾಡಿ ಬಟ್ಟಲು ತುಂಬಿ, ಮರುದಿನ ಅದೇ ಹೊತ್ತಿಗೆ ಉಳಿದಿದ್ದನ್ನು ಕಳೆಯಿರಿ, ನಡುವೆ ಸುರಿದದ್ದನ್ನು ಸೇರಿಸಿ. ಎರಡು ಮೂರು ದಿನ ಹೀಗೆ ಮಾಡಿದರೆ ಲೆಕ್ಕ ನಂಬುವ ಹಾಗಿರುತ್ತದೆ. ಒಂದು ಕಿಲೋ ತೂಕಕ್ಕೆ ದಿನಕ್ಕೆ 100 ಮಿಲಿ ದಾಟಿದರೆ, ಅಂದರೆ 30 ಕಿಲೋ ನಾಯಿ ಮೂರು ಲೀಟರ್‌ಗಿಂತ ಹೆಚ್ಚು ಕುಡಿದರೆ, ತೊಂದರೆ ಬರೀ ನಾಳದ ಬಿಗಿಯದಲ್ಲ, ಒಳಗೆ ಬೇರೇನೋ ಇದೆ. ಇನ್ನೊಂದು, ಫೋನಿನಲ್ಲಿ ವಿಡಿಯೊ ಮಾಡಿ. ಮಲಗಿದಾಗ ಸೋರುವುದು, ಎಂದಿನಂತೆ ಮೂತ್ರ ಮಾಡುವ ರೀತಿ, ನಡೆಯುವ ರೀತಿ, ಮೂರೂ ಇರಲಿ. ಡಾಕ್ಟರ ಮೇಜಿನ ಮೇಲೆ ನಿಂತ ನಾಯಿ ಇದ್ಯಾವುದನ್ನೂ ತೋರಿಸುವುದಿಲ್ಲ.

ಮೂತ್ರದ ಮಾದರಿ ಬೆಳಗಿನ ಮೊದಲ ಸಲದ್ದಾದರೆ ಒಳ್ಳೆಯದು. ಅವಳು ಕೂತ ಮೇಲೆ ಹಿಂದಿನಿಂದ ಚಪ್ಪಟೆ ತಟ್ಟೆಯೋ ಸೌಟೋ ಮೆಲ್ಲಗೆ ತೂರಿಸಿ ಹಿಡಿಯಿರಿ. ಮೊದಲೇ ಹಿಡಿದುಕೊಂಡು ಹಿಂದೆ ಹಿಂದೆ ಓಡಾಡಿದರೆ ಅವಳು ಕೂರುವುದೇ ಇಲ್ಲ.

ಪ್ರಶ್ನೆ: ರಾತ್ರಿ ನೀರಿನ ಬಟ್ಟಲು ಎತ್ತಿಟ್ಟರೆ ಸರಿಹೋಗುತ್ತದಾ?

ಉತ್ತರ: ಬೇಡ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಆದರೆ ನಾಳ ಬಿಗಿಯಾಗುವುದಿಲ್ಲ, ಸೋರುವುದು ನಿಲ್ಲುವುದಿಲ್ಲ. ಅವಳಿಗೆ ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇದ್ದು ಅದು ನಿಮಗಿನ್ನೂ ಗೊತ್ತಿಲ್ಲದಿದ್ದರೆ ನೀರು ತಪ್ಪಿಸುವುದು ಅಪಾಯ. ಅದರ ಬದಲು ಮಲಗುವ ಮುಂಚೆ ಕಡೆಯದಾಗಿ ಒಂದು ಸಲ ಹೊರಗೆ ಕರೆದುಕೊಂಡು ಹೋಗಿ, ಅವಸರ ಮಾಡದೆ ಪೂರ್ತಿ ಖಾಲಿ ಮಾಡಲು ಬಿಡಿ. ಬೆಳಿಗ್ಗೆ ಅರ್ಧ ಗಂಟೆ ಬೇಗ ಎದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಮ್ಮ ನಾಯಿಗೆ ಡಾಕ್ಟರು ಫಿನೈಲ್‌ಪ್ರೊಪನೋಲಮೈನ್ ಅಂತ ಮಾತ್ರೆ ಬರೆದಿದ್ದಾರೆ. ನಾಲ್ಕು ದಿನಕ್ಕೆ ಸೋರುವುದು ನಿಂತಿತು. ಖುಷಿಯಿಂದ ಮಾತ್ರೆ ನಿಲ್ಲಿಸಿದೆವು, ವಾರದೊಳಗೆ ಮತ್ತೆ ಶುರುವಾಯಿತು. ಜೀವನ ಪೂರ್ತಿ ಕೊಡಬೇಕಾ? ಹಾರ್ಮೋನ್ ಮಾತ್ರೆಯೂ ಇದೆ ಅನ್ನುತ್ತಾರೆ, ಯಾವುದು ವಾಸಿ?

ಉತ್ತರ: ಹೆಚ್ಚಿನ ನಾಯಿಗಳಿಗೆ ಜೀವನ ಪೂರ್ತಿ ಕೊಡಬೇಕಾಗುತ್ತದೆ. ಈ ಮಾತ್ರೆ ಸಡಿಲವಾದ ಸ್ನಾಯುವನ್ನು ರಿಪೇರಿ ಮಾಡುವುದಿಲ್ಲ, ಔಷಧ ಮೈಯಲ್ಲಿ ಇರುವಷ್ಟು ಹೊತ್ತು ಬಿಗಿ ಹಿಡಿಸುತ್ತದೆ. ಅದಕ್ಕೇ ದಿನಕ್ಕೆ ಎರಡು ಅಥವಾ ಮೂರು ಸಲ ಬರೆಯುತ್ತಾರೆ, ನಿಧಾನಕ್ಕೆ ಕರಗುವ ರೂಪದಲ್ಲಿ ದಿನಕ್ಕೊಂದೇ ಮಾತ್ರೆಯೂ ಇದೆ. ಒಂದು ಹೊತ್ತು ತಪ್ಪಿದರೆ ಆ ರಾತ್ರಿಯೇ ಹಾಸಿಗೆ ಒದ್ದೆಯಾಗಬಹುದು. ತಪ್ಪಿದ್ದಕ್ಕೆ ಮುಂದಿನ ಹೊತ್ತು ಎರಡು ಮಾತ್ರೆ ಕೊಡಬೇಡಿ.

ಇದರಿಂದ ಹೆಚ್ಚಿನ ನಾಯಿಗಳು ಚೆನ್ನಾಗಿ ಸುಧಾರಿಸುತ್ತವೆ. ನಾಲ್ಕು ದಿನದಲ್ಲೇ ನಿಂತಿದ್ದು ಒಳ್ಳೆಯ ಸೂಚನೆ. ಆದರೆ ಇದು ರಕ್ತನಾಳಗಳನ್ನೂ ಬಿಗಿ ಮಾಡುತ್ತದೆ, ರಕ್ತದೊತ್ತಡ ಏರಬಹುದು. ಮಾತ್ರೆ ಶುರು ಮಾಡುವ ಮುಂಚೆ ಒಮ್ಮೆ, ಶುರುವಾದ ಮೇಲೆ ಆಗಾಗ ಬಿಪಿ ನೋಡಿಸಬೇಕು. ಹೃದಯದ ಕಾಯಿಲೆ, ಬಿಪಿ, ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ಕಣ್ಣಿನೊಳಗೆ ಒತ್ತಡ ಏರುವ ಗ್ಲಾಕೋಮಾ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಬೇರೆ ಯಾವ ಮಾತ್ರೆ ಕೊಡುತ್ತಿದ್ದೀರಿ ಅನ್ನುವುದನ್ನೂ ಹೇಳಿ, ಮುಖ್ಯವಾಗಿ ವಯಸ್ಸಾದ ನಾಯಿಗಳ ಮರೆವಿಗೆ ಬರೆಯುವ ಸೆಲೆಜಿಲಿನ್ ಕೊಡುತ್ತಿದ್ದರೆ, ಎರಡೂ ಸೇರಬಾರದು. ಅವಳು ಚಡಪಡಿಸಿದರೆ, ಸುಮ್ನೆ ಕೂತಲ್ಲೇ ಏದುಸಿರು ಬಿಟ್ಟರೆ, ಊಟ ಬಿಟ್ಟರೆ ಡಾಕ್ಟರಿಗೆ ತಿಳಿಸಿ. ಡೋಸ್ ಇಳಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಇನ್ನೊಂದು ಎಚ್ಚರ. ಈ ಮಾತ್ರೆಗಳಲ್ಲಿ ಕೆಲವು ನಾಯಿಗೆ ಇಷ್ಟವಾಗುವ ರುಚಿಯಲ್ಲಿ ಬರುತ್ತವೆ. ಡಬ್ಬಿ ಕಡಿದು ಒಟ್ಟಿಗೆ ತಿಂದ ನಾಯಿಗಳ ಪ್ರಾಣಕ್ಕೇ ಅಪಾಯ ಬಂದದ್ದಿದೆ. ಬಾಗಿಲಿರುವ ಕಪಾಟಿನಲ್ಲಿ, ಎತ್ತರದಲ್ಲಿ ಇಡಿ. ಮತ್ತೆ ಮನುಷ್ಯರ ನೆಗಡಿ ಮಾತ್ರೆಯಲ್ಲೂ ಇಂಥದ್ದೇ ಔಷಧ ಇರುತ್ತದಂತೆ, ಅದನ್ನೇ ಕೊಡಬಹುದಾ ಅಂತ ಒಬ್ಬರು ಬರೆದಿದ್ದಾರೆ. ಖಂಡಿತ ಬೇಡ. ಆ ಮಾತ್ರೆಗಳಲ್ಲಿರುವ ಸೂಡೋಎಫೆಡ್ರಿನ್ ಸ್ವಲ್ಪ ಹೆಚ್ಚಾದರೂ ನಾಯಿಗೆ ವಿಷ, ಜೊತೆಗೆ ಸೇರಿಸಿರುವ ಪ್ಯಾರಾಸಿಟಮಾಲ್‌ನಂಥವು ಇನ್ನೊಂದು ಅಪಾಯ.

ಹಾರ್ಮೋನ್ ವಿಷಯಕ್ಕೆ ಬಂದರೆ, ಈಗ ಬಳಸುವುದು ಈಸ್ಟ್ರಿಯಾಲ್. ಬೇಗ ಮೈಯಿಂದ ಹೊರಹೋಗುವ, ಮೃದುವಾದ ಈಸ್ಟ್ರೋಜನ್. ಇದರ ಅನುಕೂಲ ಅಂದರೆ ಡೋಸನ್ನು ಇಳಿಸುತ್ತಾ ಹೋಗಬಹುದು. ಮೊದಲು ದಿನಕ್ಕೊಂದು ಸಲ ಕೊಟ್ಟು, ಸೋರುವುದು ನಿಂತ ಮೇಲೆ ಡಾಕ್ಟರು ಹಂತ ಹಂತವಾಗಿ ಇಳಿಸುತ್ತಾರೆ. ಎಷ್ಟೋ ನಾಯಿಗಳಿಗೆ ದಿನ ಬಿಟ್ಟು ದಿನ ಸಣ್ಣ ಡೋಸ್ ಕೊಟ್ಟರೂ ಸಾಕಾಗುತ್ತದೆ. ಶುರುವಿನಲ್ಲಿ ಯೋನಿ ಸ್ವಲ್ಪ ಊದಬಹುದು, ಮೊಲೆ ದಪ್ಪಗಾಗಬಹುದು, ಗಂಡು ನಾಯಿಗಳು ಹಿಂದೆ ಬೀಳಬಹುದು. ಬೆದೆಗೆ ಬಂದಿದ್ದಾಳೆ ಅಂತ ಹೆದರಬೇಡಿ, ಡೋಸ್ ಇಳಿದಂತೆ ಅದೂ ಇಳಿಯುತ್ತದೆ. ಮಾತ್ರೆ ಮುಟ್ಟಿದ ಮೇಲೆ ಕೈ ತೊಳೆಯಿರಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರು ಮುಟ್ಟುವುದು ಬೇಡ. ಹಿಂದೆ ಬಳಸುತ್ತಿದ್ದ ಡಿಇಎಸ್ ಅನ್ನುವ ಈಸ್ಟ್ರೋಜನ್ ಡೋಸ್ ಜಾಸ್ತಿಯಾದರೆ ಮೂಳೆಯ ಮಜ್ಜೆಗೆ ಪೆಟ್ಟು ಕೊಡುತ್ತಿತ್ತು. ಹಾರ್ಮೋನ್ ಅಂದ ಕೂಡಲೇ ಹಳಬರು ಹೆದರುವುದಕ್ಕೆ ಅದೇ ಕಾರಣ.

ಯಾವುದು ವಾಸಿ ಅಂದರೆ, ನಿಮ್ಮ ನಾಯಿಗೆ ಯಾವುದು ಒಗ್ಗುತ್ತದೋ ಅದು. ಬಿಪಿ ಅಥವಾ ಹೃದಯದ ತೊಂದರೆಯ ಅನುಮಾನವಿದ್ದರೆ ನಾನು ಈಸ್ಟ್ರಿಯಾಲ್ ಕಡೆ ಒಲಿಯುತ್ತೇನೆ. ಹೊತ್ತು ಹೊತ್ತಿಗೆ ಮಾತ್ರೆ ಕೊಡಲು ಮನೆಯಲ್ಲಿ ಯಾರೂ ಇರುವುದಿಲ್ಲ ಅಂದರೂ ಅದೇ ಸುಲಭ. ನಿಮ್ಮವಳಿಗೆ ಈಗಿನದ್ದು ಕೆಲಸ ಮಾಡಿದೆ, ಹಾಗಾಗಿ ನೀವಾಗೇ ಶುರು ಮಾಡದೆ, ಡಾಕ್ಟರಿಗೆ ಹೇಳಿ, ಬಿಪಿ ನೋಡಿಸಿಕೊಂಡು ಅದನ್ನೇ ಮತ್ತೆ ಶುರು ಮಾಡಿ. ಒಂದೇ ಔಷಧ ಸಾಲದಾದಾಗ ಎರಡನ್ನೂ ಒಟ್ಟಿಗೆ ಕೊಡುವುದೂ ಉಂಟು.

ಪ್ರಶ್ನೆ: ನಾಲ್ಕು ತಿಂಗಳಲ್ಲಿ ಮೂರು ಸಲ ಆಂಟಿಬಯೋಟಿಕ್ ಕೊಟ್ಟಾಯಿತು. ಕೊಟ್ಟಾಗ ಸ್ವಲ್ಪ ಕಡಿಮೆ ಆದ ಹಾಗೆ ಕಾಣುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಮೂತ್ರ ಪರೀಕ್ಷೆ ಒಮ್ಮೆಯೂ ಮಾಡಿಲ್ಲ.

ಉತ್ತರ: ನಿಮ್ಮ ಕಡೆಯ ಸಾಲೇ ನಿಮ್ಮ ಪ್ರಶ್ನೆಗೆ ಉತ್ತರ. ಮೂತ್ರದ ಕಲ್ಚರ್ ಮಾಡಿಸಿ. ಸೋಂಕು ಇದೆಯಾ, ಇದ್ದರೆ ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಅದರಿಂದ ಗೊತ್ತಾಗುತ್ತದೆ. ಕಲ್ಚರ್‌ಗೆ ನೆಲದಿಂದಲೋ ತಟ್ಟೆಯಿಂದಲೋ ಹಿಡಿದ ಮೂತ್ರ ಸಾಲದು, ಡಾಕ್ಟರು ಹೊಟ್ಟೆಯ ಮೂಲಕ ಸಣ್ಣ ಸೂಜಿಯಿಂದ ಮೂತ್ರಚೀಲದಿಂದಲೇ ತೆಗೆಯುತ್ತಾರೆ. ಕೇಳಲು ಭಯ ಅನಿಸಿದರೂ ಹೆಚ್ಚಿನ ನಾಯಿಗಳು ಅಲುಗಾಡದೆ ಮಾಡಿಸಿಕೊಳ್ಳುತ್ತವೆ.

ಈ ವಿಷಯ ನನಗೆ ಮನಸ್ಸಿಗೆ ಹತ್ತಿರದ್ದು. ವೃತ್ತಿಗೆ ಬಂದ ಹೊಸದರಲ್ಲಿ ಒಂದು ನಾಯಿಗೆ ನಾನೇ ಹೀಗೆ ಕಲ್ಚರ್ ಇಲ್ಲದೆ ಎರಡು ಸಲ ಆಂಟಿಬಯೋಟಿಕ್ ಬರೆದೆ. ಕಡೆಗೆ ಪರೀಕ್ಷೆ ಮಾಡಿದರೆ ಸೋಂಕೇ ಇರಲಿಲ್ಲ, ನಾಳದ ಬಿಗಿ ಹೋಗಿತ್ತು ಅಷ್ಟೇ. ಆ ಎರಡು ತಿಂಗಳು ಆ ನಾಯಿ ಮನೆಯ ಹೊರಗೆ ಮಲಗಿತ್ತು ಅಂತ ಮನೆಯವರು ಆಮೇಲೆ ಹೇಳಿದರು. ಅವತ್ತಿಂದ ನಾನು ಮೂತ್ರ ನೋಡದೆ ಔಷಧ ಬರೆಯುವುದಿಲ್ಲ.

ಗೊಂದಲ ಯಾಕೆ ಆಗುತ್ತದೆ ಅಂದರೆ ಎರಡೂ ಒಟ್ಟಿಗೆ ಇರಬಹುದು. ಸೋರಿ ಸೋರಿ ಆ ಭಾಗ ಸದಾ ಒದ್ದೆಯಾಗಿದ್ದರೆ ಸೋಂಕು ಸುಲಭಕ್ಕೆ ಮೇಲೇರುತ್ತದೆ, ಸೋಂಕಾದರೆ ಸೋರುವುದು ಜಾಸ್ತಿಯಾಗುತ್ತದೆ. ಆಂಟಿಬಯೋಟಿಕ್ ಸೋಂಕನ್ನು ಇಳಿಸಿ ಅರ್ಧ ಸರಿ ಮಾಡಿ ನಿಲ್ಲುತ್ತದೆ. ಪದೇ ಪದೇ ಕೂರುವುದು, ತಿಣುಕುವುದು, ಮೂತ್ರದಲ್ಲಿ ರಕ್ತ ಕಂಡರೆ ಸೋಂಕಿನ ಅಥವಾ ಕಲ್ಲಿನ ಅನುಮಾನ ಹೆಚ್ಚು. ಒಂದು ಅಲ್ಟ್ರಾಸೌಂಡ್ ಮಾಡಿಸಿದರೆ ಕಲ್ಲು, ಗಡ್ಡೆ ಇದೆಯಾ ಅಂತ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಮರಿಗೆ ನಾಲ್ಕು ತಿಂಗಳು, ದೊಡ್ಡ ತಳಿ. ಇದನ್ನೆಲ್ಲ ಕೇಳಿದ ಮೇಲೆ ಸ್ಪೇ ಮಾಡಿಸುವುದೇ ಬೇಡ ಅನಿಸಿದೆ. ಸರೀನಾ?

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಇನ್ನೊಂದು ಕಡೆಯನ್ನೂ ತೂಗಿ ನೋಡಬೇಕು ಅಲ್ವಾ? ಸ್ಪೇ ಆಗದ ಹೆಣ್ಣು ನಾಯಿಗಳಲ್ಲಿ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಬರುತ್ತದೆ. ಸ್ವೀಡನ್‌ನಲ್ಲಿ ನಾಯಿಗಳ ವಿಮೆ ದಾಖಲೆ ನೋಡಿದಾಗ 10 ವರ್ಷದೊಳಗೆ ಹೆಚ್ಚು ಕಡಿಮೆ ನಾಲ್ಕರಲ್ಲಿ ಒಂದು ನಾಯಿಗೆ ಅದು ಬಂದಿತ್ತು. ತಡ ಮಾಡಿದರೆ ಪ್ರಾಣ ಹೋಗುತ್ತದೆ. ಮೊಲೆಯ ಗಡ್ಡೆಯ ಅಪಾಯವೂ ಇದೆ. ಮೂತ್ರ ಸೋರುವುದು ಮಾತ್ರೆಯಲ್ಲಿ ಹಿಡಿತಕ್ಕೆ ಬರುವ ತೊಂದರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ನಾನು ಸ್ಪೇ ಕಡೆಗೇ ನಿಲ್ಲುತ್ತೇನೆ.

ನೀವು ಯೋಚಿಸಬೇಕಾದ್ದು ಯಾವಾಗ ಅನ್ನುವುದನ್ನು. ತೀರಾ ಬೇಗ, ಅದರಲ್ಲೂ ಮೂರು ತಿಂಗಳಿಗೆ ಮುಂಚೆ ಮಾಡಿಸಿದರೆ ಸೋರುವ ಅಪಾಯ ಹೆಚ್ಚು ಅಂತ ಕಂಡುಬಂದಿದೆ. ದೊಡ್ಡ ತಳಿಗಳಲ್ಲಿ ಮೈ ಪೂರ್ತಿ ಬೆಳೆಯುವವರೆಗೆ ಕಾಯುವುದಕ್ಕೆ ಮೂಳೆ, ಕೀಲುಗಳ ಕಾರಣವೂ ಇದೆ. ಅವಸರ ಬೇಡ. ಗರ್ಭಕೋಶ ಉಳಿಸಿ ಅಂಡಾಶಯ ಮಾತ್ರ ತೆಗೆದರೆ ಸೋರುವುದಿಲ್ಲ ಅಂತ ಕೆಲವರು ಹೇಳುತ್ತಾರೆ, ಆ ನಂಬಿಕೆಗೆ ಆಧಾರವಿಲ್ಲ. ಈಸ್ಟ್ರೋಜನ್ ಬರುವುದು ಅಂಡಾಶಯದಿಂದ.

ಪ್ರಶ್ನೆ: ಐದು ತಿಂಗಳ ಮರಿ, ಇನ್ನೂ ಸ್ಪೇ ಆಗಿಲ್ಲ. ಮನೆಗೆ ತಂದ ದಿನದಿಂದ ಹನಿ ಹನಿ ಬೀಳುತ್ತಲೇ ಇರುತ್ತದೆ, ನಡೆಯುವಾಗಲೂ. ಬೆಳೆದ ಮೇಲೆ ಸರಿಹೋಗುತ್ತದಾ?

ಉತ್ತರ: ಇದು ಬೇರೆಯೇ ವಿಷಯ ಇರಬಹುದು. ಮೂತ್ರಪಿಂಡದಿಂದ ಬರುವ ನಾಳ ಮೂತ್ರಚೀಲಕ್ಕೆ ಸೇರುವ ಬದಲು ಅದರ ಆಚೆ ಎಲ್ಲೋ ಸೇರುವ ಹುಟ್ಟು ದೋಷವೊಂದಿದೆ, ಎಕ್ಟೋಪಿಕ್ ಯುರೇಟರ್ ಅನ್ನುತ್ತಾರೆ. ಹುಟ್ಟಿನಿಂದಲೇ ಬಿಡದೆ ಸೋರುವ ಹೆಣ್ಣು ಮರಿಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಬೆಳೆದ ಮೇಲೆ ತಾನಾಗೇ ಸರಿಹೋಗುವುದಿಲ್ಲ, ಆಪರೇಷನ್ ಅಥವಾ ಲೇಸರ್ ಬೇಕಾಗುತ್ತದೆ. ಸ್ಕ್ಯಾನಿಂಗ್ ಸೌಲಭ್ಯ ಇರುವ ದೊಡ್ಡ ಪಶು ಆಸ್ಪತ್ರೆಗೆ ಬೇಗ ತೋರಿಸಿ. ಆ ತನಕ ಸ್ಪೇ ಮಾಡಿಸಬೇಡಿ.

ಪ್ರಶ್ನೆ: ಹನ್ನೆರಡು ವರ್ಷದ ಅಜ್ಜಿ ನಮ್ಮವಳು. ಮಾತ್ರೆಯಿಂದ ಮುಕ್ಕಾಲು ಪಾಲು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ತೊಡೆಯ ಒಳಗೆ ಕೆಂಪಾಗಿ ಕೂದಲು ಉದುರಿದೆ. ಡಯಾಪರ್ ಹಾಕಬಹುದಾ? ಆಪರೇಷನ್ ಮಾಡಿಸಬೇಕಾ?

ಉತ್ತರ: ಮುಕ್ಕಾಲು ಪಾಲು ಕಡಿಮೆಯಾಗಿದ್ದು ಸಣ್ಣ ವಿಷಯವಲ್ಲ. ಉಳಿದ ಕಾಲು ಭಾಗವನ್ನು ಮನೆಯ ಆರೈಕೆಯಲ್ಲಿ ನಿಭಾಯಿಸಬಹುದು, ಆದರೆ ಒಮ್ಮೆ ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ ಮತ್ತೆ ಮಾಡಿಸಿ. ಮೊದಲು ಹಿಡಿತದಲ್ಲಿದ್ದದ್ದು ಈಚೆಗೆ ಜಾಸ್ತಿಯಾಗಿದ್ದರೆ ಹೊಸ ಕಾರಣ ಸೇರಿರಬಹುದು. ತೂಕವನ್ನೂ ನೋಡಿ. ಬೊಜ್ಜು ಇದ್ದರೆ ಸೋರುವುದು ಜಾಸ್ತಿ, ಒಂದೆರಡು ಕಿಲೋ ಇಳಿದರೂ ವ್ಯತ್ಯಾಸ ಕಾಣುವ ನಾಯಿಗಳಿವೆ. ವಯಸ್ಸಾದವಳಿಗೆ ಕೀಲು ನೋವಿದ್ದರೆ ಎದ್ದು ಹೊರಗೆ ಹೋಗುವುದಕ್ಕೇ ಕಷ್ಟವಾಗಿ ತಡೆದುಕೊಂಡಿರುತ್ತಾಳೆ, ಆ ನೋವಿಗೆ ಔಷಧ ಕೊಟ್ಟರೆ ಹಾಸಿಗೆಯೂ ಒಣಗಿರುತ್ತದೆ.

ಆ ಕೆಂಪು, ಮೂತ್ರ ತಾಗಿ ಚರ್ಮ ಸುಟ್ಟಂತಾಗಿರುವುದು. ಆ ಭಾಗದ ಕೂದಲನ್ನು ಸಣ್ಣಗೆ ಕತ್ತರಿಸಿ. ದಿನಕ್ಕೆ ಎರಡು ಸಲ ಬೆಚ್ಚಗಿನ ನೀರಿನಲ್ಲಿ ಒರೆಸಿ, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ. ಡಾಕ್ಟರು ಹೇಳಿದ ಮುಲಾಮನ್ನು ತೆಳ್ಳಗೆ ಹಚ್ಚಿ. ಮಕ್ಕಳ ಡಯಾಪರ್ ಕ್ರೀಮ್ ಬೇಡ, ಅದರಲ್ಲಿ ಸಾಮಾನ್ಯವಾಗಿ ಸತುವಿನ ಆಕ್ಸೈಡ್ ಇರುತ್ತದೆ, ನಾಯಿ ನೆಕ್ಕುತ್ತದೆ, ಹೊಟ್ಟೆಗೆ ಹೋದರೆ ವಿಷ. ಹುಣ್ಣಾಗಿದ್ದರೆ, ವಾಸನೆ ಬಂದರೆ ಮುಲಾಮಿನಲ್ಲಿ ಕಾಲ ಕಳೆಯದೆ ತೋರಿಸಿ.

ಡಯಾಪರ್ ಹಾಕಬಹುದು, ಆದರೆ ಅದು ಅತಿಥಿಗಳು ಬಂದಾಗ, ಪ್ರಯಾಣದಲ್ಲಿ, ರಾತ್ರಿ ಕೆಲವು ಗಂಟೆಗೆ ಅನ್ನುವ ಮಟ್ಟಿಗೆ ಇರಲಿ. ಒದ್ದೆಯಾದ ತಕ್ಷಣ ಬದಲಿಸಿ. ಇಡೀ ದಿನ ಕಟ್ಟಿಟ್ಟರೆ ಚರ್ಮ ಇನ್ನೂ ಕೆಡುತ್ತದೆ, ಸೋಂಕು ಬರುತ್ತದೆ. ಈಗ ಚರ್ಮ ಕೆಂಪಾಗಿರುವುದರಿಂದ ಅದು ಮಾಯುವ ತನಕ ಬೇಡ. ನನಗೆ ಡಯಾಪರ್‌ಗಿಂತ ಹಾಸಿಗೆಯ ಮೇಲೆ ಹೆಚ್ಚು ನಂಬಿಕೆ: ಕೆಳಗೆ ನೀರು ಇಳಿಯದ ಹೊದಿಕೆ, ಮೇಲೆ ಒದ್ದೆಯನ್ನು ಕೆಳಕ್ಕೆ ಎಳೆದುಕೊಂಡು ತಾನು ಒಣಗಿರುವ ಬಟ್ಟೆ, ಅಂಥದ್ದು ಮೂರು ಜೊತೆ ಇದ್ದರೆ ಒಂದು ಹಾಸಿರುತ್ತದೆ, ಒಂದು ಒಗೆಯಲು ಹೋಗಿರುತ್ತದೆ, ಒಂದು ಒಣಗುತ್ತಿರುತ್ತದೆ. ಜಾಲರಿಯ ಎತ್ತರದ ಮಂಚವೂ ಒಳ್ಳೆಯದು, ಅಜ್ಜಿಗೆ ಹತ್ತಿ ಇಳಿಯಲು ಆಗುವಷ್ಟು ತಗ್ಗಿರಲಿ. ನೆಲ ಒರೆಸಲು ಅಮೋನಿಯಾ ಇರುವ ದ್ರಾವಣ ಬೇಡ, ಅದರ ವಾಸನೆ ನಾಯಿಗೆ ಮೂತ್ರದಂತೆಯೇ ಅನಿಸುತ್ತದೆ. ಎಂಜೈಮ್ ಇರುವ ಕ್ಲೀನರ್ ವಾಸನೆಯನ್ನು ಬುಡದಿಂದ ತೆಗೆಯುತ್ತದೆ.

ಆಪರೇಷನ್ ಇದೆ. ಮೂತ್ರಚೀಲದ ಕುತ್ತಿಗೆಯನ್ನು ಮುಂದಕ್ಕೆ ಎಳೆದು ಕೂರಿಸುವುದು ಒಂದು ವಿಧ. ನಾಳದ ಗೋಡೆಗೆ ಕೊಲಾಜನ್‌ನಂಥ ವಸ್ತುವನ್ನು ಚುಚ್ಚಿ ದಾರಿ ಕಿರಿದು ಮಾಡುವುದು ಇನ್ನೊಂದು, ಅದರ ಪರಿಣಾಮ ಕಾಲಕ್ರಮೇಣ ಇಳಿಯುತ್ತದೆ. ನಾಳದ ಸುತ್ತ ಸಿಲಿಕೋನ್ ಪಟ್ಟಿ ಹಾಕಿ, ಚರ್ಮದ ಕೆಳಗಿನ ಸಣ್ಣ ಗುಂಡಿಯ ಮೂಲಕ ಸಲೈನ್ ತುಂಬಿ ಬೇಕಾದಷ್ಟು ಬಿಗಿ ಮಾಡುವ ವಿಧಾನವೂ ಇದೆ. ಯಾವುದರಲ್ಲೂ ಎಲ್ಲ ನಾಯಿಗಳಿಗೆ ಪೂರ್ತಿ ಗುಣವಾಗುವುದಿಲ್ಲ, ಕೆಲವಕ್ಕೆ ಆಮೇಲೂ ಮಾತ್ರೆ ಬೇಕು. ಮಾತ್ರೆ ಒಗ್ಗದ, ವಯಸ್ಸು ಕಡಿಮೆ ಇರುವ ನಾಯಿಗೆ ನಾನು ಖಂಡಿತ ಯೋಚಿಸಿ ಅನ್ನುತ್ತೇನೆ. ಹನ್ನೆರಡು ವರ್ಷದ, ಮುಕ್ಕಾಲು ಪಾಲು ಸುಧಾರಿಸಿದ ನಿಮ್ಮ ಅಜ್ಜಿಗೆ ಬೇಡ. ಡಾಕ್ಟರ ಹತ್ತಿರ ಕೇಳಿ ಈಸ್ಟ್ರಿಯಾಲ್ ಜೊತೆಗೆ ಸೇರಿಸಬಹುದಾ ನೋಡಿ. ಮಧ್ಯರಾತ್ರಿ ಒಮ್ಮೆ ನಿಮಗೆ ಎಚ್ಚರವಾದರೆ ಅವಳನ್ನೂ ಮೆಲ್ಲಗೆ ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗಿ ಬನ್ನಿ.